ಹುಂಜದ ಎಲೆ

ಅಪ್ಪ ಬರುತ್ತಿದ್ದಾನೆಂಬ ಸುದ್ದಿ ಪಾಲಾಕ್ಷನಿಗೆ ಮುಟ್ಟಿದಾಗ ಫೈನಲ್ ಆಟಕ್ಕೆ ಇನ್ನು ಹತ್ತೇ ನಿಮಿಷ ಉಳಿದಿತ್ತು. ಆಟದ ಎಲೆ ಬದಲಾಯಿಸುವ ಗಡುವು ಮುಗಿದು ಅರ್ಧ ಗಂಟೆಯಾಗಿತ್ತು.

“ಅಣ್ಣಾ, ನಾಯಕನಹಟ್ಟಿ ಬಸ್ಸು ಇಳಿದ್ವಿ,” ಎಂದಳು ತಂಗಿ ಸುನಿತಾ, ಫೋನಿನಲ್ಲಿ. ಅವಳ ಹಿಗ್ಗು ದನಿಯಲ್ಲೇ ಗೊತ್ತಾಗುತ್ತಿತ್ತು. “ಅಪ್ಪನೂ ಬಂದೈತೆ. ಎತ್ತುಗಳನ್ನ ಜಂಬುಲಿಂಗಪ್ಪನ ಕೈಗೆ ಒಪ್ಪಿಸಿ ಬಂದೈತೆ ನೋಡು! ಹದಿನೈದು ದಿನದಿಂದ ಪುಸಲಾಯಿಸಿದೀನಿ ನಾನು. ಈಗ ತಾನಾಗೇ ನಿನ್ನ ಆಟ ನೋಡ್ಬೇಕು ಅಂತೈತೆ.”

“ಯಾಕೆ ಕರ್ಕಂಡು ಬಂದೆ?”

“ಯಾಕೆ ಅಂದ್ರೆ? ಬ್ಯಾಡಾಗಿತ್ತಾ?”

ಪಾಲಾಕ್ಷ ಫೋನ್ ಇಟ್ಟ. ಬೇರೆ ಯಾವ ಮಗನಾಗಿದ್ದರೂ ಕುಣಿದಾಡುತ್ತಿದ್ದ. ಎಂಟು ವರ್ಷದಿಂದ ‘ಆ ಫೋನ್ ಡಬ್ಬೀನ ಒಲೆಗೆ ಹಾಕು’ ಅಂತಲೇ ಬೈದುಕೊಂಡು ಬಂದ ಅಪ್ಪ, ಚಳ್ಳಕೆರೆಯವರೆಗೆ ಬಸ್ಸು ಹತ್ತಿ ಬಂದಿದ್ದಾನೆ. ಇದಕ್ಕಿಂತ ದೊಡ್ಡ ಬಹುಮಾನ ಇನ್ನೇನು ಬೇಕು? ಆದರೆ ನಮ್ಮ ಪಾಲಾಕ್ಷನಿಗೆ ಆ ಬಸ್ಸು ದಾರಿಯಲ್ಲೇ ಪಂಕ್ಚರ್ ಆಗಬಾರದಿತ್ತೇ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ನಾಚಿಕೆಯಾದರೂ ಅನ್ನಿಸುವುದು ನಿಲ್ಲಲಿಲ್ಲ.

ಕಾರಣ ಇಷ್ಟೇ. ಅವನ ಫೋನಿನೊಳಗಿನ ಇಪ್ಪತ್ನಾಲ್ಕು ಎಲೆಗಳಲ್ಲಿ ಒಂದು ಹುಂಜ ಇತ್ತು.

ಹುಂಜವಾದರೇನಾಯಿತು ಎಂದು ಹೊರಗಿನವರು ಕೇಳಬಹುದು. ವರವು ಕಾವಲಿನ ಹುಲ್ಲುಗಾವಲಿನ ಅಂಚಿನಲ್ಲಿರುವ ಪಾಲಾಕ್ಷನ ಹಟ್ಟಿ ಮ್ಯಾಸ ನಾಯಕ ಕುಲದವರದು. ಅಲ್ಲಿ ಯಾರೂ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಮೊಟ್ಟೆಯನ್ನೂ ಒಳಗೆ ತರುವುದಿಲ್ಲ. ತಲೆತಲಾಂತರದಿಂದ ಹಾಗೆ. ಬೆಳಗಾಯಿತೆಂದು ಅಲ್ಲಿ ಕೋಳಿ ಕೂಗುವುದಿಲ್ಲ, ದೇವರ ಎತ್ತುಗಳ ಕೊರಳಗಂಟೆ ಕೇಳಿಯೇ ಜನ ಏಳುತ್ತಾರೆ. ಆ ಎತ್ತುಗಳನ್ನು ಕಾಯುವ ಕಿಲಾರಿಯೇ ಪಾಲಾಕ್ಷನ ಅಪ್ಪ ಪೆದ್ದಣ್ಣ. ದೇವರ ಹೆಸರಿಗೆ ಬಿಟ್ಟ ಎತ್ತು; ಅವನ್ನು ಯಾರೂ ಹೂಡುವುದಿಲ್ಲ, ಮಾರುವುದಿಲ್ಲ. ಅವುಗಳ ಹಗ್ಗ ಮುಟ್ಟುವ ಕೈ ಮೈಲಿಗೆಯಾಗಬಾರದು. ಆ ಕೈಗೆ ಕೋಳಿಯ ಸಂಪರ್ಕವಂತೂ ಕೂಡದೇ ಕೂಡದು.

ಹೋದ ವರ್ಷ ಕೋಳಿ ಪಂಜರ ಹೇರಿಕೊಂಡಿದ್ದ ಗೂಡ್ಸ್ ಆಟೋ ಒಂದು ದಾರಿ ತಪ್ಪಿ, ಎತ್ತುಗಳನ್ನು ಕೂಡುವ ರೊಪ್ಪದ ಬಾಗಿಲಿಗೇ ಬಂದು ನಿಂತಿತ್ತು. ದಾರಿ ತೋರಿಸಲು ಹೋದ ಪೆದ್ದಣ್ಣ ಆಟೋಗೆ ಕೈ ಊರಿ ನಿಂತಿದ್ದನ್ನು ನಾಲ್ಕು ಜನ ಕಂಡರು. ಹಟ್ಟಿಯ ಹಿರಿಯರು ಕೂತು, ಒಂಬತ್ತು ದಿನ ಹಗ್ಗ ಮುಟ್ಟಬೇಡ ಎಂದರು. ಇನ್ನೊಂದು ಸಲ ಹೀಗಾದರೆ ಹಗ್ಗ ಬೇರೆಯವರ ಕೈಗೆ ಎಂದೂ ಹೇಳಿದರು. ಆ ಒಂಬತ್ತು ದಿನ ಪೆದ್ದಣ್ಣ ರೊಪ್ಪದ ಬೇಲಿಯಾಚೆ ಬದುವಿನ ಮೇಲೆ ಕೂತು ಎತ್ತುಗಳನ್ನು ನೋಡುತ್ತಿದ್ದ. ಮುದ್ದೆ ಅರ್ಧಕ್ಕೇ ಬಿಡುತ್ತಿದ್ದ. ಮಾಡಲು ಏನೂ ಇಲ್ಲದೆ ಅವನ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿದ್ದವು. ಅಪ್ಪನನ್ನು ಹಾಗೆ ನೋಡಿದ ಪಾಲಾಕ್ಷ, ಇನ್ನೊಂದು ಸಲ ಅಂಥದ್ದು ನೋಡುವ ಗತಿ ನನಗೆ ಬರಬಾರದು ಎಂದುಕೊಂಡಿದ್ದ. ಅಂಥವನೇ ಹುಂಜವನ್ನು ತಂದಿಟ್ಟುಕೊಂಡಿದ್ದ.

ಹೇಗೆ ತಂದ ಅನ್ನುವುದಕ್ಕೆ ಮಲ್ಲಿಕ್‌ನ ಕತೆ ಹೇಳಬೇಕು.

ಆಟದ ಹೆಸರು ಕೋಟೆಕಾಳಗ. ಫೋನಿನಲ್ಲಿ ಆಡುವ ಇಸ್ಪೀಟು ಅಂದುಕೊಳ್ಳಿ. ಒಬ್ಬೊಬ್ಬರಿಗೂ ಏಳು ಬಾಗಿಲಿನ ಕೋಟೆ. ಆನೆ, ಕುದುರೆ, ಬಿಲ್ಲುಗಾರರ ಎಲೆಗಳನ್ನು ಇಳಿಸಿ ಎದುರಾಳಿಯ ಏಳೂ ಬಾಗಿಲು ಮುರಿದವನು ಗೆದ್ದ. ಇವಲ್ಲದೆ ಬೇರೊಂದು ಜಾತಿಯ ಎಲೆಗಳಿವೆ. ಅವು ತಾವಾಗಿ ಹೊಡೆಯುವುದಿಲ್ಲ. ಎದುರಾಳಿ ಒಂದು ನಿರ್ದಿಷ್ಟ ಎಲೆ ಇಳಿಸಿದರೆ ಮಾತ್ರ ಅದಕ್ಕೆ ಪ್ರತಿಯಾಗಿ ಎದ್ದು ನಿಲ್ಲುತ್ತವೆ. ಬೆಂಕಿಗೆ ಮಳೆ, ಆನೆಗೆ ಅಂಕುಶ. ಎದುರಾಳಿ ಬೆಂಕಿಯನ್ನೇ ತರದಿದ್ದರೆ ಮಳೆ ಕೊನೆಯವರೆಗೂ ಕೈಯಲ್ಲಿ ದಂಡಕ್ಕೆ ಕೂತಿರುತ್ತದೆ. ನಮ್ಮ ಕಡೆ ಹುಡುಗರು ಇವನ್ನು ‘ಕಾಯೋ ಎಲೆ’ ಅನ್ನುತ್ತಾರೆ. ಪಾಲಾಕ್ಷನಿಗೆ ಈ ಕಾಯೋ ಎಲೆಗಳನ್ನು ಕಂಡರಾಗದು. ಎಣ್ಣೆ ಗಿರಣಿಯಲ್ಲಿ ದಿನವಿಡೀ ಶೇಂಗಾ ಚೀಲ ಎತ್ತುವವನು ಅವನು. ಎತ್ತಿ ಹಾಕಿದರೆ ಕೆಲಸವಾಗಬೇಕು, ಕಾಯುತ್ತ ಕೂರುವುದೇನು ಎಂಬ ಜಾಯಮಾನದವನು.

ಮೊಳಕಾಲ್ಮೂರಿನ ಮಲ್ಲಿಕ್ ಬೋರ್‌ವೆಲ್ ಮೋಟಾರು ರಿಪೇರಿಯವನು, ಬಾಯಿ ತುಂಬ ನಗುವವನು. ಅವನ ಬಳಿ ‘ಕಗ್ಗತ್ತಲು’ ಎಂಬ ಎಲೆ ಇತ್ತು. ಅದನ್ನು ಇಳಿಸಿದರೆ ಮೂರು ಸರದಿ ಎದುರಾಳಿಯ ಪಡೆಗೆ ಕಣ್ಣು ಕಾಣುವುದಿಲ್ಲ. ಅಷ್ಟರಲ್ಲಿ ಮಲ್ಲಿಕ್‌ನ ಕನ್ನಗಳ್ಳರು ಬಾಗಿಲುಗಳನ್ನು ಒಂದೊಂದಾಗಿ ಕಳಚಿ ಮುಗಿಸುತ್ತಾರೆ. ಅದಕ್ಕೆ ಇರುವುದು ಒಂದೇ ಮದ್ದು, ಹುಂಜದ ಎಲೆ. ಹುಂಜ ಕೂಗಿದರೆ ಬೆಳಗಾಗುತ್ತದೆ, ಬಯಲಲ್ಲಿ ಸಿಕ್ಕಿಬಿದ್ದ ಕಳ್ಳರೆಲ್ಲ ಸಾಯುತ್ತಾರೆ. ಹಟ್ಟಿಗಳಿಗೆ ಮೋಟಾರು ರಿಪೇರಿಗೆ ಹೋಗುವಾಗ ಬುತ್ತಿಯಲ್ಲಿ ಮೊಟ್ಟೆ ಇಟ್ಟುಕೊಳ್ಳದಷ್ಟು ಮರ್ಯಾದಸ್ಥ ಮಲ್ಲಿಕ್. ಆ ಹಟ್ಟಿಗಳ ಹುಡುಗರು ಯಾರೂ ಹುಂಜ ಇಟ್ಟುಕೊಳ್ಳುವುದಿಲ್ಲ ಅನ್ನುವುದೂ ಅವನಿಗೆ ಗೊತ್ತಿತ್ತು. ಆಟ ಅಂದಮೇಲೆ ಗೊತ್ತಿದ್ದದ್ದನ್ನು ಬಳಸದೆ ಬಿಡುತ್ತಾರೆಯೇ?

“ನಿಮ್ಮೋರ ಮುಂದೆ ಕತ್ತಲು ಬಿಟ್ರೆ ಸಾಕು ಯಾರ್,” ಎಂದು ಒಮ್ಮೆ ನಕ್ಕಿದ್ದ. “ಬೆಳಗೇ ಆಗಲ್ಲ!”

ಪಾಲಾಕ್ಷನೂ ನಕ್ಕಿದ್ದ. ನಗುತ್ತಲೇ ನಾಲ್ಕು ಸಲ ಸೋತಿದ್ದ. ಐದನೆಯ ಸಲ ಜಿಲ್ಲಾ ಫೈನಲ್‌ನಲ್ಲಿ ಮಲ್ಲಿಕ್‌ನೇ ಎದುರಾಳಿ ಎಂದು ಗೊತ್ತಾದಾಗ ಅವನಿಗೆ ನಗು ಬರಲಿಲ್ಲ. ಶುಕ್ರವಾರ ಗಿರಣಿಯ ಊಟದ ಬಿಡುವಿನಲ್ಲಿ, ಚೀಲಗಳ ಸಂದಿಯಲ್ಲಿ ಕೂತು, ಒಂದು ಕುದುರೆಯನ್ನು ತೆಗೆದು ಹುಂಜವನ್ನು ಸೇರಿಸಿದ. ಎಲೆಯನ್ನು ನೆಟ್ಟಗೆ ನೋಡಲೂ ಇಲ್ಲ. ಕೆಂಪು ಜುಟ್ಟು ಕಂಡದ್ದೇ ತಡ, ಮುಖ ತಿರುಗಿಸಿ ಬೆರಳು ಒತ್ತಿದ. ಎಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಏನೇನೋ ಬರೆದಿತ್ತು, ಓದುವವರು ಯಾರು? ಹಟ್ಟಿಯಿಂದ ಯಾರೂ ಬರುವುದಿಲ್ಲ, ಆಟವನ್ನು ಎಲ್ಲೂ ಲೈವ್ ಹಾಕುವುದಿಲ್ಲ, ಚಿತ್ರದ ಕೋಳಿ ಕೋಳಿಯೂ ಅಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆಮೇಲೆ ನಲ್ಲಿಗೆ ಹೋಗಿ ಕೈ ತೊಳೆದುಕೊಂಡ. ಚಿತ್ರದ ಕೋಳಿಯಾದರೆ ಕೈ ಯಾಕೆ ತೊಳೆದೆ ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಈಗ ಆ ಹುಂಜ ಒಳಗೆ, ಅಪ್ಪ ಹೊರಗೆ.

ಸಂಘಟಕರಲ್ಲೊಬ್ಬನ ಬಳಿ ಓಡಿ, “ಅಣ್ಣಾ, ಒಂದೇ ಒಂದು ಎಲೆ ಬದ್ಲಿ ಮಾಡ್ಬೇಕಿತ್ತು,” ಎಂದು ಗೋಗರೆದ. ಆತ ತಲೆಯಾಡಿಸಿಬಿಟ್ಟ. “ಲಾಕ್ ಆಗೈತೆ ಕಣಪ್ಪ, ನನ್ನ ಕೈಯಾಗೂ ಇಲ್ಲ.” ಹೊಟ್ಟೆನೋವು ಎಂದು ಹೇಳಿ ಎದ್ದು ಹೋಗಿಬಿಡಲೇ ಎಂದು ಯೋಚಿಸುವಷ್ಟರಲ್ಲಿ ಬಾಗಿಲಲ್ಲಿ ಬಿಳಿ ರುಮಾಲು ಕಾಣಿಸಿತು. ಪೆದ್ದಣ್ಣ ಬರಿಗಾಲಲ್ಲಿ ಹೊಸ್ತಿಲ ಬಳಿ ನಿಂತು, ಒಳಗೆ ಬರಬಹುದೋ ಬಾರದೋ ಎಂದು ಅನುಮಾನಿಸುತ್ತಿದ್ದ. ಹೊಸ ಪಂಚೆ ಉಟ್ಟಿದ್ದ. ಸುನಿತಾ ಅವನ ಕೈ ಹಿಡಿದು ಕರೆದುಕೊಂಡು ಬಂದು ಮೊದಲ ಸಾಲಿನಲ್ಲೇ ಕೂರಿಸಿದಳು. ಮೊದಲ ಸಾಲೇ ಆಗಬೇಕಿತ್ತೇನೆ ತಾಯಿ!

ಸಮುದಾಯ ಭವನದ ವೇದಿಕೆಯ ಮೇಲೆ ಮೇಜಿನ ಆಚೆ ಈಚೆ ಎರಡು ಕುರ್ಚಿ, ಹಿಂದೆ ಗೋಡೆಯಗಲದ ಪರದೆ. ಇಳಿಸಿದ ಎಲೆ ಮಾತ್ರ ಪರದೆಯಲ್ಲಿ ಕಾಣುತ್ತದೆ, ಕೈಯಲ್ಲಿರುವುದು ಕಾಣುವುದಿಲ್ಲ. ಪಾಲಾಕ್ಷ ಅಷ್ಟಕ್ಕೇ ಜೋತುಬಿದ್ದಿದ್ದ. ಕತ್ತಲು ಬೀಳದಿದ್ದರೆ ಹುಂಜ ಏಳುವುದಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ. ಎರಡು ದಿನ ಮಲ್ಲಿಕ್ ಕತ್ತಲು ಬಿಡಲಿ, ಬಿಡಲಿ ಎಂದು ಹಾರೈಸಿದವನು ಈಗ ಬಿಡದಿರಲಪ್ಪಾ ಎಂದು ಬೇಡಿಕೊಳ್ಳತೊಡಗಿದ.

ಮೈಕು ಹಿಡಿದಿದ್ದ ತಿಪ್ಪೇರುದ್ರ ಕಬಡ್ಡಿ ಪಂದ್ಯಗಳಿಗೆ ಕೂಗಿ ಕೂಗಿ ಗಂಟಲು ಹದ ಮಾಡಿಕೊಂಡವನು. “ಈ ಕಡೆ ನಮ್ಮ ಪಾಲಾಕ್ಷ, ಆ ಕಡೆ ಮೊಳಕಾಲ್ಮೂರಿನ ಮಲ್ಲಿಕ್! ಒಂದೇ ಆಟ, ಗೆದ್ದೋರು ರಾಜ್ಯಮಟ್ಟಕ್ಕೆ!” ಎಂದು ಶುರು ಹಚ್ಚಿಕೊಂಡ.

ಪಾಲಾಕ್ಷನ ಬೆರಳು ಬೆವರಿ ಪರದೆಯ ಮೇಲೆ ಜಾರುತ್ತಿದ್ದವು. ಮೊದಲ ಮೂರು ಸರದಿಯಲ್ಲಿ ಹುಂಜ ಕೈಗೆ ಬರಲಿಲ್ಲ. ನಾಲ್ಕನೆಯದರಲ್ಲಿ ಬಂತು. ಐದು ಎಲೆಗಳ ನಡುವೆ ಕೆಂಪು ಜುಟ್ಟು ಎತ್ತಿಕೊಂಡು ಕೂತಿತು. ಅವನು ಅದರ ಮೇಲೆ ಹೆಬ್ಬೆರಳು ಮುಚ್ಚಿಕೊಂಡೇ ಉಳಿದ ನಾಲ್ಕರಲ್ಲಿ ಆಡಿದ. ಗಾಬರಿಯಲ್ಲಿ ಆಡಿದ್ದೋ ಏನೋ, ಆಟ ಚೆನ್ನಾಗಿಯೇ ಬಿತ್ತು. ಆನೆ ಎರಡು ಬಾಗಿಲು ಮುರಿಯಿತು, ಬಿಲ್ಲುಗಾರರು ಮೂರು. ಮಲ್ಲಿಕ್‌ಗೆ ಎರಡೇ ಬಾಗಿಲು ಉಳಿದಾಗ ಪಾಲಾಕ್ಷನದು ಇನ್ನೂ ಮೂರು ಗಟ್ಟಿಯಾಗಿ ನಿಂತಿದ್ದವು. ಇನ್ನೊಂದು ಸರದಿ, ಒಂದೇ ಒಂದು. ಹುಂಜ ಕೈಯಲ್ಲೇ ಕೂತಿರುತ್ತದೆ, ಆಟ ಮುಗಿದುಹೋಗುತ್ತದೆ.

ಮಲ್ಲಿಕ್ ಅವನನ್ನೊಮ್ಮೆ ನೋಡಿ, ಮುಗುಳ್ನಕ್ಕು, ಕಗ್ಗತ್ತಲನ್ನು ಇಳಿಸಿದ.

ಪರದೆ ಕಪ್ಪಾಯಿತು. ಕನ್ನಗಳ್ಳರು ಮೂವರು ಕೋಟೆಯ ಬುಡಕ್ಕೆ ಹರಿದು ಬಂದರು. ಮೂರು ಬಾಗಿಲಿಗೆ ಮೂವರು. ಭವನದಲ್ಲಿ ಕೂತ ಮೊಳಕಾಲ್ಮೂರಿನವರು ಎದ್ದು ಸಿಳ್ಳೆ ಹಾಕಿದರು. “ಮುಗೀತು! ಹಟ್ಟಿ ಹುಡುಗನಿಗೆ ಕತ್ತಲು ಕವೀತು!” ಎಂದು ತಿಪ್ಪೇರುದ್ರ ಅರಚಿದ.

ಪಾಲಾಕ್ಷನ ಫೋನಿನಲ್ಲಿ ಹುಂಜದ ಸುತ್ತ ಹಳದಿ ಬೆಳಕು ಹತ್ತಿಕೊಂಡಿತು. ‘ನನ್ನ ಹೊತ್ತು ಬಂತು, ಬಿಡು’ ಎಂಬ ಸೂಚನೆ ಅದು. ಇಪ್ಪತ್ತು ಸೆಕೆಂಡು.

ಅವನು ತಲೆಯೆತ್ತಿ ಅಪ್ಪನನ್ನು ನೋಡಿದ. ಪೆದ್ದಣ್ಣನಿಗೆ ಆಟ ಒಂದಿಷ್ಟೂ ಅರ್ಥವಾಗಿರಲಿಲ್ಲ. ಅವನು ಪರದೆಯನ್ನು ನೋಡುತ್ತಿರಲೂ ಇಲ್ಲ, ಮಗನನ್ನೇ ನೋಡುತ್ತಿದ್ದ. ಮಗ ಕಷ್ಟದಲ್ಲಿದ್ದಾನೆ ಎನ್ನುವುದಷ್ಟು ತಿಳಿದು ಕುರ್ಚಿಯ ತುದಿಗೆ ಬಂದು ಕೂತಿದ್ದ. ‘ಹೆದರಬ್ಯಾಡ’ ಎನ್ನುವಂತೆ ಕೈಯೆತ್ತಿ ತೋರಿಸಿದ.

ಹನ್ನೆರಡು. ಹನ್ನೊಂದು. ಒಂದು ಬೆರಳು ಒತ್ತಿದರೆ ಗೆಲುವು. ನಾಲ್ಕು ಸಲದ ಸೋಲು, ನಗು, ಗಿರಣಿಯಲ್ಲಿ ಕೇಳಿದ ಕುಹಕ ಎಲ್ಲ ಚುಕ್ತಾ. ಪಾಲಾಕ್ಷನಿಗೆ ಗೆಲ್ಲುವ ಆಸೆ ಇರಲಿಲ್ಲವೆಂದಲ್ಲ, ಗಂಟಲವರೆಗೂ ಇತ್ತು. ಆದರೂ ಬೆರಳನ್ನು ಎತ್ತಿದ. ಎರಡೂ ಕೈಯನ್ನು ಫೋನಿನಿಂದ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡ. ಹೊತ್ತು ಮುಗಿದರೆ ಸರದಿ ದಾಟುತ್ತದೆ, ಸೋಲುತ್ತೇನೆ, ಸೋತವನಾಗಿ ಅಪ್ಪನ ಜೊತೆ ಬಸ್ಸು ಹತ್ತುತ್ತೇನೆ. ಅಷ್ಟು ಸಾಕು. ಹಾಗೆಂದುಕೊಂಡದ್ದೇ ಎರಡು ದಿನದಲ್ಲಿ ಮೊದಲ ಸಲ ಅವನಿಗೆ ಉಸಿರು ಸಲೀಸಾಗಿ ಆಡಿತು.

ಮೂರು. ಎರಡು. ಒಂದು.

ಕೊಕ್ಕೊಕ್ಕೋ… ಎಂದು ಎರಡು ಆಳೆತ್ತರದ ಸ್ಪೀಕರುಗಳಲ್ಲಿ ಹುಂಜ ಕೂಗಿತು.

ಪಾಲಾಕ್ಷ ತಬ್ಬಿಬ್ಬಾಗಿ ತನ್ನ ಕೈಗಳನ್ನು ನೋಡಿಕೊಂಡ. ಅವು ಇನ್ನೂ ತೊಡೆಯ ಕೆಳಗೇ ಇದ್ದವು. ಹಿಂದಿನ ಪರದೆಯಲ್ಲಿ ಬೆಳಕು ಹರಿಯಿತು, ಗೋಡೆಯಗಲದ ಹುಂಜ ರೆಕ್ಕೆ ಬಡಿಯಿತು, ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ‘ಪಾಲಾಕ್ಷ’ ಎಂಬ ಹೆಸರು ಬಂತು. ಕಳ್ಳರು ಮೂವರೂ ಸತ್ತರು. ಆ ಎಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದದ್ದು ಅದನ್ನೇ: ಹೊತ್ತು ಮುಗಿದರೆ ಹುಂಜ ತಾನೇ ಕೂಗುತ್ತದೆ. ಕೋಟೆಕಾಳಗ ಆಡುವ ಚಿಳ್ಳೆಪಿಳ್ಳೆಗೂ ಗೊತ್ತಿದ್ದ ಸಂಗತಿ. ಅದನ್ನು ಒಮ್ಮೆಯೂ ಇಟ್ಟುಕೊಳ್ಳದವನಿಗೆ, ಇಟ್ಟುಕೊಂಡಾಗಲೂ ಕಣ್ಣು ಬಿಟ್ಟು ನೋಡದವನಿಗೆ ಗೊತ್ತಾಗುವುದು ಹೇಗೆ? ಅವನು ಮೊದಲೇ ಇಳಿಸಿದ್ದ ಆನೆ ಬೆಳಕು ಕಂಡದ್ದೇ ತಾನಾಗಿ ಮುನ್ನುಗ್ಗಿ ಉಳಿದ ಎರಡು ಬಾಗಿಲನ್ನೂ ಕೆಡವಿತು. ತಿಪ್ಪೇರುದ್ರನ ಮೈಕು ಕಿರುಚಿಕೊಂಡಿತು. ಯಾರೋ ವೇದಿಕೆಗೆ ಹಾರಿ ಪಾಲಾಕ್ಷನನ್ನು ಎತ್ತಿ ಹಿಡಿದರು.

ಮೇಲಿನಿಂದ ಅವನಿಗೆ ಮೊದಲ ಸಾಲಿನ ಖಾಲಿ ಕುರ್ಚಿ ಕಾಣಿಸಿತು.

“ಲೇ, ಹುಂಜ ಇಟ್ಕಂಡಿದ್ಯಾ! ನನಗೇ ಟೋಪಿ ಹಾಕಿದ್ಯಲ್ಲೋ!” ಎಂದು ಮಲ್ಲಿಕ್ ನಗುತ್ತ ಕೈ ಚಾಚಿದವನು, ಪಾಲಾಕ್ಷನ ಮುಖ ಕಂಡು ಕೈ ಹಿಂತೆಗೆದುಕೊಂಡ. “ಏನಾಯ್ತೋ?”

“ಅಪ್ಪ ಬಂದಿದ್ದ.”

ಮಲ್ಲಿಕ್‌ಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. “ಯಾ ಅಲ್ಲಾ,” ಎಂದ. ಇಬ್ಬರೂ ಜನರನ್ನು ನೂಕಿಕೊಂಡು ಹೊರಗೆ ಓಡಿದರು.

ಪೆದ್ದಣ್ಣ ಭವನದ ಪಕ್ಕದ ನಲ್ಲಿಯಲ್ಲಿ ಕೈಕಾಲು ತೊಳೆಯುತ್ತಿದ್ದ. ಕಿವಿಯನ್ನೂ ತೊಳೆದುಕೊಂಡ. ಸುನಿತಾ ಅಳುಮುಖ ಮಾಡಿಕೊಂಡು ಅವನ ರುಮಾಲು ಹಿಡಿದು ನಿಂತಿದ್ದಳು.

“ಕಾಕಾ, ಅವನು ಆಡ್ಲಿಲ್ಲ,” ಎಂದು ಮಲ್ಲಿಕ್ ಏದುಸಿರು ಬಿಡುತ್ತ ಹೇಳಿದ. “ಖುದಾನ ಆಣೆ, ಎದುರಿಗೇ ಕೂತಿದ್ದೆ ನಾನು. ಕೈ ಕೆಳಗಿಟ್ಕಂಡಿದ್ದ. ಟೈಮ್ ಆಗಿದ್ದಕ್ಕೆ ಅದೇ ಕೂಗ್ತು. ಇವನದೇನೂ ತಪ್ಪಿಲ್ಲ ರೀ.”

“ಹೌದಪ್ಪಾ,” ಎಂದಳು ಸುನಿತಾ. “ಕಂಪ್ಯೂಟರ್ ಕೂಗಿಸಿದ್ದು. ಟಿವೀಲಿ ಬರಲ್ವಾ, ಹಂಗೆ.”

“ಟಿವಿಯಾಗಿನ ಕೋಳಿ ಯಾರದೋ,” ಎಂದ ಪೆದ್ದಣ್ಣ. ನಲ್ಲಿ ನಿಲ್ಲಿಸಿ ಮಗನ ಕಡೆ ತಿರುಗಿದ. ಸಿಟ್ಟು ಇರಲಿಲ್ಲ. ಸಿಟ್ಟಿದ್ದಿದ್ದರೆ ಪಾಲಾಕ್ಷನಿಗೆ ಎಷ್ಟೋ ಹಗುರವಾಗುತ್ತಿತ್ತು. “ನೀನು ಕೂಗಿಸ್ಲಿಲ್ಲ, ನಂಬ್ತೀನಿ. ಕೈ ತೆಗೆದಿದ್ದು ಕಂಡೆ. ಒಂದು ಮಾತು ಹೇಳು ನಾಯನಾ. ಅದು ನಿನ್ನ ಹಿಂಡಿನಾಗೆ ಹೆಂಗೆ ಬಂತು?”

ಸುನಿತಾ ಅಣ್ಣನನ್ನೇ ದಿಟ್ಟಿಸಿದಳು. ‘ಆಟದೋರೇ ಹಾಕಿಕೊಡ್ತಾರೆ ಅನ್ನು’ ಎಂದು ಅವಳ ಕಣ್ಣು ಬೇಡುತ್ತಿದ್ದವು. ಸುಲಭದ ಸುಳ್ಳು ಅದು. ಮಲ್ಲಿಕ್ ಕೂಡ ಹಾಗೇ ಹೇಳೆಂದು ಕಣ್ಸನ್ನೆ ಮಾಡುತ್ತಿದ್ದ. ಆದರೆ ಮೂವತ್ತು ವರ್ಷ ಹಿಂಡು ಕಾದವನ ಎದುರು ನಿಂತು, ಹಿಂಡಿಗೆ ಬಂದದ್ದು ತಾನಾಗಿ ಬಂತು ಎಂದು ಹೇಳಲು ಪಾಲಾಕ್ಷನ ನಾಲಿಗೆ ಹೊರಳಲಿಲ್ಲ.

“ನಾನೇ ತಂದು ಸೇರಿಸ್ದೆ ಅಪ್ಪಾ,” ಎಂದ. “ಶುಕ್ರವಾರ. ಗೆಲ್ಬೇಕು ಅಂತ.”

ಪೆದ್ದಣ್ಣ ತಲೆಯಾಡಿಸಿದ. ಒಳಗಿನಿಂದ ತಿಪ್ಪೇರುದ್ರ ಪಾಲಾಕ್ಷನ ಹೆಸರನ್ನು ಎರಡು ಸಲ ಕೂಗಿದ.

“ಅಪ್ಪಾ,” ಎಂದ ಪಾಲಾಕ್ಷ, “ಹಟ್ಟಿಯೋರು ಯಾರೂ ಇಲ್ಲಿಲ್ಲ. ಯಾರಿಗೂ ಗೊತ್ತಾಗಲ್ಲ.”

“ನಾನು ಬಂದೀನಲ್ಲೋ,” ಎಂದ ಪೆದ್ದಣ್ಣ.

ಆಮೇಲೆ ಸುನಿತಾಳ ಕೈಯಿಂದ ರುಮಾಲು ಇಸಿದುಕೊಂಡು ಮುಖ ಒರೆಸಿಕೊಂಡ. “ಜಂಬುಲಿಂಗಪ್ಪಂಗೆ ಫೋನ್ ಹಚ್ಚು,” ಎಂದ. ಅವಳು ಹಚ್ಚಲೊಲ್ಲೆ ಎಂದಳು. ಎರಡನೆಯ ಸಲ ಹೇಳಿದಾಗ ಕಣ್ಣೊರೆಸಿಕೊಂಡು ಹಚ್ಚಿ, ಸ್ಪೀಕರ್ ಹಾಕಿ ಹಿಡಿದಳು. ಫೋನಿನಾಚೆ ಎತ್ತುಗಳ ಗಂಟೆ ಕೇಳಿಸಿತು.

“ಜಂಬುಲಿಂಗಪ್ಪಾ, ಸಂಜೆಗೆ ಎತ್ತು ನೀನೇ ಕಟ್ಕ. ನಾಳೆನೂ ನೀನೇ. ನಾನು ರೊಪ್ಪಕ್ಕೆ ಬರಂಗಿಲ್ಲ. ಹಿರಿಯರಿಗೆ ಹೇಳು, ಬಂದು ಕೂತ್ಕತೀನಿ.”

“ಯಾಕಣ್ಣಾ? ಏನಾಯ್ತು?”

“ಕೋಳಿ ಕೂಗ್ತು.”

“ಅಯ್ಯೋ, ಮತ್ತೇನಾ?” ಎಂದ ಜಂಬುಲಿಂಗಪ್ಪ ಗಾಬರಿಯಿಂದ. ಉಪಾಯ ಹುಡುಕುವವನಂತೆ ದನಿ ತಗ್ಗಿಸಿದ. “ದಾರಿಹೋಕರದಾದ್ರೆ ಹಿರಿಯರಿಗೆ ಏನಾದ್ರೂ ಹೇಳ್ಕಬೋದು ಕಣಣ್ಣಾ. ಯಾರ್ದು ಕೋಳಿ?”

ಪೆದ್ದಣ್ಣ ಮಗನ ಹೆಗಲ ಮೇಲೆ ಒದ್ದೆ ಕೈ ಇಟ್ಟ.

“ನಮ್ದೇ,” ಎಂದ.